ಬಾಗಲಕೋಟಿ ಬೀಚು

ಮೊದಲ ಹೇಳಿಬಿಡತೀನಿ: ಇಲ್ಲಿ ಉಸುಕಿಲ್ಲ.
ಎರಿ ಮಣ್ಣು. ಕಾಲಿಟ್ಟರ ಚಪ್ಪಲಿ ಇಸ್ಕೊಂತೈತಿ,
ವಾಪಸ್ ಕೊಡಾಕ ಎರಡು ಸಲ ವಿಚಾರ ಮಾಡತೈತಿ.
ತೆರಿ ಅದಾವು, ಸಣ್ಣವು,
ತಾಟಿನ ಅಂಚಿಗೆ ಸಾರು ಬಡಿದಷ್ಟು.
ಉಪ್ಪು ಬೇಕಂದ್ರ ದಾವಲಸಾಬನ ಮಿರ್ಚಿ ಗಾಡಿಗೆ ಹೋಗಬೇಕು.

ಆದರೂ ಐತವಾರ ಸಂಜಿಕ
ನವನಗರದಿಂದ ಸ್ಕೂಟರ್ ಇಳಿದು ಬರತಾವು.
ಹುಡುಗ್ಯಾರು ಪ್ಯಾಂಟು ಮಡಚತಾರ.
ಯಾರೋ ಒಬ್ಬ ಫೋನಿನ್ಯಾಗ ಒದರತಾನ:
'ಎಲ್ಲಿದ್ದೀ? ನಾ ಬೀಚಿನ್ಯಾಗ ಅದೀನಿ.'

ಬೀಚು ಆಗೂ ಮೊದಲ ಇದು ಓಣಿ.
ಹೊಳೀದಂಡಿ ಓಣಿ ಅಂತಿದ್ರು,
ಹೊಳಿ ಮಾತ್ರ ಅರ್ಧ ಮೈಲು ದೂರ.
ಘಟಪ್ರಭೆಗೆ ಅರಿವಿ ಒಗ್ಯಾಕ ಹೋದವರು
ತಿರುಗಿ ಬರೂದ್ರಾಗ ಅರಿವಿ ಹೆಗಲ ಮ್ಯಾಲ ಒಣಗತಿದ್ವು.
ಸುಳ್ಳ ಹೆಸರು ಇಟಗೊಂಡಿದ್ವಿ,
ಹೊಳಿ ತಾನ ನಡಕೊಂತ ಬಂದು
ಖರೆ ಮಾಡಿ, ಇಲ್ಲೇ ಕುಂತಬಿಟ್ಟಿತು.

ರಂಗರೇಜರ ಗಟಾರದಾಗ ಸ್ವಾಮವಾರ ನೀಲಿ ಹರೀತಿತ್ತು,
ಗುರುವಾರ ಹಳದಿ.
ಕ್ಯಾಲೆಂಡರ್ ಇಲ್ಲದವರು
ಗಟಾರ ನೋಡಿ ವಾರ ಹೇಳತಿದ್ರು.

ನಾ ಆಗ ಭೂಸ್ವಾಧೀನ ಆಫೀಸಿನ ದಿನಗೂಲಿ.
ಕೈಯಾಗ ಕೆಂಪು ಬಣ್ಣದ ಡಬ್ಬಿ, ಕೂದಲುದುರೂ ಬ್ರಶ್ಶು.
ಸಾಹೇಬ ದುರ್ಬೀನಿನ್ಯಾಗ ಒಂದು ಕಣ್ಣಿಟ್ಟು ನಂಬರ ಒದರತಿದ್ದ,
ನಾ ಗ್ವಾಡಿಗೆ ಬರೀತಿದ್ದೆ.
ಮೀಟರಿನ ಲೆಕ್ಕ ಓಣ್ಯಾಗ ಯಾರಿಗೂ ಹತ್ತಲಿಲ್ಲ.
ರಂಗರೇಜರ ಹುಸೇನಬಿ ಕೇಳಿದ್ಲು:
'ನೀರು ನನ್ನ ಕೊಳ್ಳಿನ ತನಕ ಬರತೈತೋ, ಹಣೀ ತನಕನೋ?'
ನಾ ಗೆರಿ ಎಳದೆ.
ಆಕಿ ಗ್ವಾಡಿಗೆ ಬೆನ್ನು ಹಚ್ಚಿ ನಿಂತು
ಅಂಗೈ ತಲಿ ಮ್ಯಾಲ ಇಟ್ಟು ಅಳದಳು,
ಶಾಲಿಗೆ ಹಚ್ಚೂ ಮೊದಲ ಹುಡುಗರನ್ನ ಅಳದಂಗ.
ಗೆರಿ ಒಂದು ಗೇಣು ಮ್ಯಾಲಿತ್ತು.
ಸುಮ್ಮನ ಆದಳು. ಆಮ್ಯಾಲ ಉಗುರಿನಿಂದ ಕೆರೆದು,
'ಬಣ್ಣ ಛಲೋ ಇಲ್ಲೋ ತಮ್ಮಾ,
ಎರಡ ಮಳಿಗಿ ಹೋಗತೈತಿ.'

ಟ್ರ್ಯಾಕ್ಟರಿನ್ಯಾಗ ಬಾಗಲಾ ಹೋದ್ವು, ತೊಲಿ ಹೋದ್ವು,
ಹೊಸ್ತಿಲಾ ಇಲ್ಲೇ ಉಳದ್ವು.
ಓಣಿ ಅಂತ ಕೇಳಿದ್ರ ಈಗ
ಸೆಕ್ಟರ್ ನಂಬರ್ ಹೇಳತೀವಿ,
ಆಸ್ಪತ್ರ್ಯಾಗ ಕಾಟಿನ ನಂಬರ್ ಹೇಳಿದಂಗ.

ಬ್ಯಾಸಗ್ಯಾಗ ನೀರು ಹಿಂದ ಸರೀತೈತಿ.
ಒಂದು ಒಳಕಲ್ಲು ಮೊದಲ ತಲಿ ಎತ್ತತೈತಿ,
ಬಾಯಿ ತುಂಬ ಶಂಖದ ಹುಳ.
ಆಮ್ಯಾಲ ಬಚ್ಚಲ ಕಲ್ಲು, ತುಳಸಿ ಕಟ್ಟಿ, ನೆಲಹಾಸು.
ಹುಡುಗರು ಬಡಿಗ್ಯಾರ ಪಡಸಾಲ್ಯಾಗ ಕ್ರಿಕೆಟ್ ಆಡತಾರ:
ಚೆಂಡು ದೇವರ ಮನಿ ದಾಟಿದ್ರ ನಾಕು,
ನೀರಿಗೆ ಬಿದ್ರ ಔಟು.

ಒಮ್ಮೆ ಕಚೇರಿಯವ ಬಂದು
'ಇದು ಅತಿಕ್ರಮಣ, ಗಾಡಿ ಎತ್ತು' ಅಂದ.
ದಾವಲಸಾಬ ಎಣ್ಣಿ ತಿರುವಿಕೋಂತ ಹೇಳಿದ:
'ಇದು ನಮ್ಮವ್ವ ಹುಸೇನಬಿಯ ಅಡಗಿ ಮನಿ, ಸಾಹೇಬ್ರ.
ಒಲಿ ಇದ್ದಲ್ಲೇ ಒಲಿ ಇಟ್ಟೀನಿ.'
ಸಾಹೇಬ ಕಾಲ ಕೆಳಗ ನೋಡಿದ,
ಮಸಿ ಹಿಡಿದ ಮೂರು ಕಲ್ಲು.
ನಾಕು ಮಿರ್ಚಿ ತಿಂದು ಹೋದ,
ರೊಕ್ಕ ಕೊಡಲಿಲ್ಲ.

ಚಳಿ ಬಿದ್ದಾಗ ಉದ್ದಗಾಲಿನ ಹಕ್ಕಿ ಬರತಾವು,
ಎಲ್ಲಿಯವೋ, ಅಲ್ಲಿ ಯಾರ ಓಣಿ ಐತೋ.
ಹೋದ ವರ್ಷ ಹುಸೇನಬಿನ್ನ ಆಟೋದಾಗ ಕರಕೊಂಡು ಬಂದಿದ್ರು.
ಕಣ್ಣಿಗೆ ಪೊರಿ ಬಂದೈತಿ,
ನೀರು ಯಾವುದು, ಆಕಾಶ ಯಾವುದು ತಿಳೀವಲ್ದು.
ಹಕ್ಕಿ ಒಮ್ಮೆಲೆ ಎದ್ದು ರೆಕ್ಕಿ ಬಿಚ್ಚಿದ್ವು,
ಒಳಗ ಕೆಂಪು.
ಅಷ್ಟ ಕಾಣಿಸ್ತು ಆಕಿಗೆ.
'ಇದು ಪಕ್ಕಾ' ಅಂದ್ಲು, 'ಇದು ಹೋಗೂದಿಲ್ಲ.'
ನಾ ಹಿಂದ ನಿಂತಿದ್ದೆ,
ನನ್ನ ಕಡೆ ತಿರುಗಲಿಲ್ಲ.

ಆಷಾಢದಾಗ ನೀರು ಮತ್ತ ಏರತೈತಿ.
ದಾವಲಸಾಬ ಗಾಡಿ ಒಂದೊಂದ ಮನಿ ಹಿಂದಕ್ಕ ತಳ್ಳತಾನ,
ಬಡಿಗ್ಯಾರ ಪಡಸಾಲಿ, ಬಳಿಗ್ಯಾರ ಅಂಗಳ,
ಕಡೀಕ ಡಾಂಬರ್ ರಸ್ತೆ.
ಗ್ವಾಡಿ ಬಿದ್ದು ಎಷ್ಟ ವರ್ಷ ಆತೋ,
ನನ್ನ ಗೆರಿ ಯಾರ ಕಟ್ಟಿ ಕಲ್ಲಾಗಿ ಕುಂತೈತೋ.

ಈಸ್ಯಾಡಾಕ ಬಂದ ಹುಡುಗರು ಕೇಳತಾರ:
'ಕಾಕಾ, ಇಲ್ಲಿ ಎಷ್ಟ ಆಳ?'
ಮೀಟರ್ ನನಗ ಬಾಯಿಪಾಠ ಐತಿ.
ಹೇಳೂದಿಲ್ಲ.
ಅಂಗೈ ತಲಿ ಮ್ಯಾಲ ಇಟ್ಟು, ಎತ್ತಿ ತೋರಸ್ತೀನಿ:
ಒಬ್ಬ ಹುಸೇನಬಿ,
ಮ್ಯಾಲ ಒಂದು ಗೇಣು.